ದಮ್ಯದಿಂದ ಧುರಂಧರ: ಎತ್ತುಗಳನ್ನು ಪಳಗಿಸುವ ವಿದ್ಯೆ

ಅಮರಕೋಶಕಾರನು ನೊಗಕ್ಕೆ ಹೂಡಲು ತಕ್ಕ ಪ್ರಾಯಕ್ಕೆ ಬಂದ ಹೋರಿಯನ್ನು ‘ದಮ್ಯ’ವೆಂದು ಕರೆದಿದ್ದಾನೆ. ಪಳಗಿಸಲ್ಪಡತಕ್ಕದ್ದು ಎಂಬುದು ಆ ಪದದ ಅರ್ಥ. ನೊಗಕ್ಕೆ ಸಂಸ್ಕೃತದಲ್ಲಿ ‘ಧುರ್’ ಎಂದು ಹೆಸರು. ಅದನ್ನು ಹೊರುವ ಎತ್ತೇ ‘ಧುರಂಧರ’, ‘ಧುರೀಣ’. ಇಂದು ಸಭೆಗಳಲ್ಲಿ ಮಹನೀಯರಿಗೆ ಸಲ್ಲುತ್ತಿರುವ ಈ ಬಿರುದುಗಳು ಮೊದಲಿಗೆ ಸಂದದ್ದು ಕೊಟ್ಟಿಗೆಯ ಜೀವಕ್ಕೆ. ದಮ್ಯವು ಧುರಂಧರನಾಗುವ ಕ್ರಮವನ್ನು ಚೆನ್ನಾಗಿ ಬಲ್ಲ ಸೀಮೆ ನಮ್ಮ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲಗಳದು.

ಈ ಸೀಮೆಯ ತಳಿ ಹಳ್ಳಿಕಾರ್. ನೀಳವಾದ ಮುಖ, ಹಿಂದಕ್ಕೆ ಬಾಗಿ ಮೊನಚಾದ ಕೊಂಬು, ಬಿಗಿಯಾದ ಮೈಕಟ್ಟು, ಗಟ್ಟಿಯಾದ ಗೊರಸು ಇವು ಇದರ ಲಕ್ಷಣಗಳು. ಭಾರತ ಸರ್ಕಾರವು 2000ನೆಯ ಇಸವಿಯಲ್ಲಿ ದೇಶೀ ಗೋತಳಿಗಳ ಅಂಚೆಚೀಟಿಗಳನ್ನು ಹೊರತಂದಾಗ ಹಳ್ಳಿಕಾರಿಗೂ ಸ್ಥಾನ ದೊರೆಯಿತು. ಮೈಸೂರು ಅರಸರಲ್ಲಿ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ‘ಬೆಣ್ಣೆ ಚಾವಡಿ’ ಎಂಬ ಹೆಸರಿನಿಂದ ನೆಲೆಗೊಂಡ ಅರಮನೆಯ ಗೋಶಾಲೆಯನ್ನು ಟಿಪ್ಪು ಸುಲ್ತಾನನು ‘ಅಮೃತ ಮಹಲ್’ ಎಂದು ಕರೆದನು. ಹಳ್ಳಿಕಾರ್ ರಕ್ತದಿಂದ ಬೆಳೆದ ಆ ಎತ್ತುಗಳೇ ಶ್ರೀರಂಗಪಟ್ಟಣದ ಸೈನ್ಯದ ಫಿರಂಗಿಗಳನ್ನು ಎಳೆದವು. ಹೈದರಾಲಿಯ ಸೇನೆಯು ಚಿದಂಬರದ ನೆರವಿಗಾಗಿ ಎರಡೂವರೆ ದಿನಗಳಲ್ಲಿ ನೂರು ಮೈಲಿ ಸಾಗಿದ್ದು ಇವುಗಳ ಬಲದಿಂದ ಎಂದು ಹಳೆಯ ಗೆಜೆಟಿಯರುಗಳು ಹೇಳುತ್ತವೆ. 1799ರಲ್ಲಿ ಪಟ್ಟಣವು ಬಿದ್ದ ಮೇಲೆ ಈ ದನಗಳ ಹಿಂಡು ಆಂಗ್ಲರ ಕೈಸೇರಿತು.

ಈ ವಿದ್ಯೆ ನಮ್ಮೊಬ್ಬರದೇ ಅಲ್ಲ. ಉತ್ತರಧ್ರುವಕ್ಕೆ ಸಮೀಪದ ಹಿಮಪ್ರದೇಶಗಳಲ್ಲಿ ಚಕ್ರವಿಲ್ಲದ ಜಾರುಬಂಡಿಗಳನ್ನು ನಾಯಿಗಳು ಎಳೆಯುತ್ತವೆ. 1925ರಲ್ಲಿ ಅಲಾಸ್ಕಾದ ನೋಮ್ ಪಟ್ಟಣದಲ್ಲಿ ಗಂಟಲಮಾರಿ ರೋಗ ಹಬ್ಬಿದಾಗ ಔಷಧವನ್ನು ಸುಮಾರು 1,085 ಕಿಲೋಮೀಟರು ದೂರ ಹೊತ್ತು ತಂದವು ಇಂಥ ನಾಯಿಗಳೇ. ಅಲ್ಲಿ ಎಳೆಯ ನಾಯಿಯನ್ನು ಅನುಭವಿಯಾದ ನಾಯಿಯ ಜೊತೆಗೆ ಕಟ್ಟಿ ಕಲಿಸುವರು. ಇಲ್ಲಿ ಎಳೆಯ ಹೋರಿಯನ್ನು ನುರಿತ ಎತ್ತಿನ ಜೊತೆಗೆ ಹೂಡುವರು. ದೇಶ ಬೇರೆ, ಪ್ರಾಣಿ ಬೇರೆ, ತತ್ತ್ವ ಒಂದೇ.

ಪಳಗಿಸುವುದು ನೊಗದಿಂದ ಆರಂಭವಾಗುವುದಿಲ್ಲ, ಕೈಯಿಂದ ಆರಂಭವಾಗುತ್ತದೆ. ಕರುವಿದ್ದಾಗಲೇ ಮೈದಡವಿ, ಗಂಗೆದೊಗಲನ್ನು ನೀವಿ, ಕಾಲೆತ್ತಿ ನೋಡಿ, ಮನುಷ್ಯನ ಸ್ಪರ್ಶದ ಅಂಜಿಕೆಯನ್ನು ಕಳೆಯಬೇಕು. ಬಳಿಕ ಮೂಗುದಾರ. ಚುಚ್ಚಿದ ಗಾಯ ಪೂರ್ತಿ ಮಾಯುವವರೆಗೆ ದಾರವನ್ನು ಜಗ್ಗುವವನು ರೈತನೇ ಅಲ್ಲ; ಆ ನೋವಿನ ನೆನಪು ಹೋರಿಯನ್ನು ಜೀವಮಾನವಿಡೀ ತಲೆ ಒದರುವಂತೆ ಮಾಡುತ್ತದೆ. ಹಾಲುಹಲ್ಲು ಬಿದ್ದು ಎರಡು ಹಲ್ಲು ಮೂಡುವ ಪ್ರಾಯದಲ್ಲಿ, ಸುಗ್ಗಿ ಮುಗಿದು ಬಯಲು ತೆರವಾದ ಮಾಗಿಯ ದಿನಗಳಲ್ಲಿ, ಇಬ್ಬನಿ ಆರದ ಮುಂಜಾನೆಯ ತಂಪಿನಲ್ಲಿ ಪಾಠ ಮೊದಲಾಗುತ್ತದೆ. ಮೊದಲು ಬರಿಯ ನೊಗ, ಆಮೇಲೆ ನೆಲದ ಮೇಲೆ ಎಳೆಯುವ ಕೊರಡು, ಆಮೇಲೆ ಬರಿಗಾಡಿ, ಕೊನೆಗೆ ಹೇರು. ಒಂದು ಮೆಟ್ಟಿಲನ್ನು ಬಿಟ್ಟು ಇನ್ನೊಂದನ್ನು ಏರಿಸಿದರೆ ಹೋರಿ ನಡುದಾರಿಯಲ್ಲಿ ಮಲಗುವುದನ್ನು ಕಲಿಯುತ್ತದೆ.

ಜೋಡಿಯ ಆಯ್ಕೆ ಇನ್ನೊಂದು ಸೂಕ್ಷ್ಮ. ಎತ್ತರ ಸಮನಾಗಿದ್ದರೆ ಸಾಲದು, ಹೆಜ್ಜೆಯೂ ಸಮನಾಗಿರಬೇಕು. ಇಲ್ಲವಾದರೆ ಚುರುಕಾದ ಎತ್ತು ಭಾರವನ್ನೆಲ್ಲ ತಾನೇ ಎಳೆದು ಬಳಲುತ್ತದೆ. ಒಮ್ಮೆ ಎಡಕ್ಕೆ ಹೂಡಿದ್ದನ್ನು ಎಡಕ್ಕೇ ಹೂಡುವುದು ವಾಡಿಕೆ. ಹೊರಡಲು ನಾಲಗೆಯ ಲೊಚಗುಟ್ಟು, ನಿಲ್ಲಲು ನೀಳವಾದ ಒಂದು ‘ಹೋ’, ಇಷ್ಟೇ ಭಾಷೆ. ಒಂದೇ ಮಾತಿಗೆ ಒಂದೇ ಅರ್ಥವಿರಬೇಕು. ಚಾವಟಿ ಕೈಯಲ್ಲಿರಬಹುದು, ಅದನ್ನು ಬಳಸಬೇಕಾಗಿ ಬಂದುದು ಬಹುಮಟ್ಟಿಗೆ ಕಲಿಸಿದವನ ಸೋಲು.

ಈ ವಿದ್ಯೆಯ ಪರೀಕ್ಷೆ ನಡೆಯುವುದು ಜಾತ್ರೆಯಲ್ಲಿ. ಪಾಂಡವಪುರ ತಾಲ್ಲೂಕಿನ ಬೇಬಿಬೆಟ್ಟದಲ್ಲಿಯೂ ಕೃಷ್ಣರಾಜಪೇಟೆ ತಾಲ್ಲೂಕಿನ ಹೇಮಗಿರಿಯಲ್ಲಿಯೂ ದನಗಳ ಜಾತ್ರೆ ಸೇರುತ್ತದೆ. ಕೊಳ್ಳುವವನು ಮೊದಲು ಹಲ್ಲು ನೋಡುತ್ತಾನೆ, ಆಮೇಲೆ ಸುಳಿ ನೋಡುತ್ತಾನೆ, ಕಡೆಗೆ ನಡೆಸಿ ನೋಡುತ್ತಾನೆ. ಎರಡು ಹಲ್ಲಿನಿಂದ ಬಾಯಿಗೂಡುವವರೆಗಿನ ಪ್ರಾಯವನ್ನು ಕಣ್ಣಿನಿಂದ ಅಳೆಯಬಹುದು; ಕಲಿತ ನಡಿಗೆಯನ್ನು ಕಾಲಿನಿಂದಲೇ ಅಳೆಯಬೇಕು.

ವಿಶ್ವೇಶ್ವರಯ್ಯ ನಾಲೆಯ ನೀರು ಹರಿದು, 1933ರಲ್ಲಿ ಮೈಸೂರು ಸಕ್ಕರೆ ಕಂಪನಿಯು ಮಂಡ್ಯದಲ್ಲಿ ಸ್ಥಾಪಿತವಾದ ಮೇಲೆ ಎತ್ತುಗಳಿಗೆ ಕಬ್ಬಿನ ಗಾಡಿಯ ದುಡಿಮೆ ಒದಗಿತು. ಟಾರು ರಸ್ತೆಗಾಗಿ ಗೊರಸಿಗೆ ಲಾಳ ಬಂತು. ಅದರೊಡನೆ ಮಿತಿಮೀರಿ ಹೇರುವ ದುರಾಸೆಯೂ ಬಂತು. ದಿನಕ್ಕೆ ಒಟ್ಟು ಒಂಬತ್ತು ಗಂಟೆಗಿಂತ ಹೆಚ್ಚಾಗಿ, ವಿಶ್ರಾಂತಿಯಿಲ್ಲದೆ ಐದು ಗಂಟೆಗಿಂತ ಹೆಚ್ಚಾಗಿ ದುಡಿಸಬಾರದೆಂದು 1965ರ ಕೇಂದ್ರ ಸರ್ಕಾರದ ನಿಯಮಗಳು ವಿಧಿಸಿವೆ. ಕಾಯಿದೆ ಬರುವ ಮೊದಲೇ ಬಲ್ಲ ರೈತನಿಗೆ ಇದು ತಿಳಿದಿತ್ತು. ಬಿಸಿಲೇರುವ ಮುನ್ನ ಆತನು ನೊಗ ಇಳಿಸುತ್ತಿದ್ದನು.

ಇಂದು ಟ್ರ್ಯಾಕ್ಟರು, ಟಿಲ್ಲರುಗಳು ಹೊಲಕ್ಕೆ ಇಳಿದಿವೆ. ರೈತನ ಬೆನ್ನಿನ ಶ್ರಮ ಇಳಿದುದು ಸಂತೋಷವೇ. ಆದರೆ ಎತ್ತು ಕಡಮೆಯಾದಲ್ಲಿ ಪಳಗಿಸುವವನೂ ಕಡಮೆಯಾಗುತ್ತಾನೆ. ಈ ವಿದ್ಯೆಗೆ ಓಲೆಗರಿಯಿಲ್ಲ. ತಂದೆಯ ಕೈಯಿಂದ ಮಗನ ಕೈಗೆ ಹಗ್ಗದೊಡನೆ ಬಂದದ್ದು. ಒಂದು ತಲೆಮಾರು ಆ ಹಗ್ಗವನ್ನು ಹಿಡಿಯದಿದ್ದರೆ ಮುಂದಿನವರಿಗೆ ತಳಿ ಉಳಿದರೂ ವಿದ್ಯೆ ಉಳಿಯದು. ಹಳ್ಳಿಯಿಂದ ಬರುವ ವಿದ್ಯಾರ್ಥಿಗಳು ರಜೆಯಲ್ಲಿ ಮನೆಗೆ ಹೋದಾಗ, ಊರಿನಲ್ಲಿ ಹೋರಿ ತಿದ್ದಬಲ್ಲ ಹಿರಿಯರಿದ್ದರೆ ಅವರ ಬಳಿ ಒಂದು ಮುಂಜಾನೆ ನಿಂತು ನೋಡಲಿ. ಧುರೀಣರೆಂಬ ಪದದ ಅರ್ಥ ನಿಘಂಟಿಗಿಂತ ಅಲ್ಲಿ ಸ್ಪಷ್ಟವಾಗಿ ತಿಳಿಯುತ್ತದೆ.