ಒಂದು ಪ್ಲೇಯರ್, ಎಂಟು ಟೀವಿ

ಆರತಕ್ಷತೆ ಮೇಲಿನ ಅಂತಸ್ತಿನಲ್ಲಿ, ಊಟ ಕೆಳಗೆ. ದಾವಣಗೆರೆಯ ದೊಡ್ಡ ಕಲ್ಯಾಣ ಮಂಟಪಗಳಲ್ಲಿ ಪಂಕ್ತಿಗೆ ಕುಳಿತವರೂ ವೇದಿಕೆಯ ಮೇಲಿನ ವಧೂವರರನ್ನು ಟೀವಿಯಲ್ಲಿ ನೋಡುತ್ತಲೇ ಊಟ ಮುಗಿಸುತ್ತಾರೆ. ಇಂಥದ್ದೇ ಅಗತ್ಯ ಬೇರೆ ಕಡೆಯೂ ಇದೆ. ಆಸ್ಪತ್ರೆಯಲ್ಲಿ ರೋಗಿಗಳು ಕಾಯುವ ಕೊಠಡಿಗಳು, ಒಂದೇ ತರಗತಿ ಎರಡು ಮೂರು ಕೋಣೆಗಳಲ್ಲಿ ನಡೆಯುವ ಟ್ಯೂಷನ್ ಕೇಂದ್ರಗಳು, ಹಾಸ್ಟೆಲ್‌ಗಳು, ಅಣ್ಣತಮ್ಮಂದಿರು ಮೇಲೆ ಕೆಳಗೆ ವಾಸವಿರುವ ಮನೆಗಳು. ಎಲ್ಲರ ಪ್ರಶ್ನೆಯೂ ಒಂದೇ: ಡಿಸ್ಕ್ ಪ್ಲೇಯರ್ ಇರುವುದು ಒಂದು, ಟೀವಿ ಇರುವುದು ನಾಲ್ಕೋ ಎಂಟೋ, ಚಿತ್ರವನ್ನು ಎಲ್ಲ ಕಡೆಗೂ ಕಳಿಸುವುದು ಹೇಗೆ?

ಅಂಗಡಿಯಲ್ಲಿ ಕೇಳಿದರೆ ಹೊಸ ಪೆಟ್ಟಿಗೆಯೊಂದನ್ನು ತೋರಿಸುತ್ತಾರೆ. ಆದರೆ ಈ ಕೆಲಸವನ್ನು ನಮ್ಮ ಊರುಗಳಲ್ಲಿ ಮೂವತ್ತು ವರ್ಷಗಳ ಹಿಂದೆಯೇ ಮಾಡಿ ತೋರಿಸಿದವರು ಕೇಬಲ್‌ನವರು. ಅವರ ಕಸುಬು ತಿಳಿದರೆ ಯಾವ ಪೆಟ್ಟಿಗೆ ಬೇಕು, ಯಾವುದು ಬೇಡ ಎಂಬುದು ತಾನಾಗಿ ಗೊತ್ತಾಗುತ್ತದೆ.

ಕರ್ನಾಟಕದ ಹಳ್ಳಿಗೆ ಟೀವಿ ಬಂದದ್ದೇ ಒಂದು ಪೆಟ್ಟಿಗೆಗೆ ನೂರಾರು ಜನ ಎಂಬ ಲೆಕ್ಕದಲ್ಲಿ. 1975ರ ಆಗಸ್ಟ್ 1ರಿಂದ ಒಂದು ವರ್ಷ ನಡೆದ ‘ಸೈಟ್’ ಪ್ರಯೋಗದಲ್ಲಿ ದೇಶದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಉಪಗ್ರಹದ ಮೂಲಕ ಕಾರ್ಯಕ್ರಮ ಬಂತು. ನಮ್ಮಲ್ಲಿ ಅದಕ್ಕೆ ಆರಿಸಿದ್ದು ರಾಯಚೂರು, ಗುಲ್ಬರ್ಗಾ, ಬಿಜಾಪುರ ಜಿಲ್ಲೆಗಳ ಹಳ್ಳಿಗಳನ್ನು. ಎಂಬತ್ತರ ದಶಕದಲ್ಲಿ ಬಾಡಿಗೆ ಟೀವಿ, ಬಾಡಿಗೆ ವಿಸಿಪಿ ಬಂದವು. ಗಣೇಶನ ಹಬ್ಬಕ್ಕೆ ಪೆಂಡಾಲಿನಲ್ಲಿ ರಾತ್ರಿಯೆಲ್ಲ ಸಿನಿಮಾ. ಆಗಲೂ ಒಂದೇ ಟೀವಿಯ ಮುಂದೆ ಇಡೀ ಕೇರಿ.

ಅದನ್ನು ತಿರುವು ಮುರುವು ಮಾಡಿದ್ದು ಮುಂಬೈನ ಬಹುಮಹಡಿ ಕಟ್ಟಡಗಳು. 1984ರ ಸುಮಾರಿಗೆ ಅಲ್ಲಿ ಒಂದು ಕೋಣೆಯಲ್ಲಿ ವಿಸಿಆರ್ ಇಟ್ಟು, ಅದರ ಚಿತ್ರವನ್ನು ತಂತಿಯ ಮೇಲೆ ಕಟ್ಟಡದ ಮನೆಮನೆಗೂ ಕೊಡತೊಡಗಿದರು. ನೋಡುವವರು ತಿಂಗಳಿಗಿಷ್ಟು ಎಂದು ಹಣ ಕೊಡುತ್ತಿದ್ದರು. ತೊಂಬತ್ತರ ದಶಕದಲ್ಲಿ ಈ ಪದ್ಧತಿ ಕರ್ನಾಟಕದ ಪಟ್ಟಣಗಳಿಗೂ ಹಳ್ಳಿಗಳಿಗೂ ಹಬ್ಬಿತು. ಚಾವಣಿಯ ಮೇಲೆ ಡಿಶ್, ಕೆಳಗೆ ಪುಟ್ಟ ‘ಕಂಟ್ರೋಲ್ ರೂಮ್’. ಡಿಶ್‌ನಿಂದ ಬಂದ ಚಾನೆಲ್‌ಗಳ ಜೊತೆಗೆ ಒಂದು ಚಾನೆಲ್ ಆ ಕೋಣೆಯದೇ. ಅಲ್ಲಿ ಮೊದಲು ವಿಸಿಪಿ, ಆಮೇಲೆ ವಿಸಿಡಿ, ಆಮೇಲೆ ಡಿವಿಡಿ ಪ್ಲೇಯರ್ ಓಡುತ್ತಿತ್ತು. ಊರ ಜಾತ್ರೆ, ಶಾಲಾ ವಾರ್ಷಿಕೋತ್ಸವ, ಕಬಡ್ಡಿ ಪಂದ್ಯದ ರೆಕಾರ್ಡಿಂಗ್, ರಾತ್ರಿ ಸಿನಿಮಾ ಎಲ್ಲವೂ ಅದೇ ಚಾನೆಲ್‌ನಲ್ಲಿ. ಕೋಣೆಯಲ್ಲಿದ್ದ ಒಂದು ಡಿಸ್ಕ್ ಊರಿನ ನೂರಾರು ಟೀವಿಗಳಲ್ಲಿ ಏಕಕಾಲಕ್ಕೆ ಕಾಣುತ್ತಿತ್ತು.

ಸಿನಿಮಾದ ಹಕ್ಕುದಾರರು ಸುಮ್ಮನಿರಲಿಲ್ಲ. ಗಾರ್ವಾರೆ ಪ್ಲಾಸ್ಟಿಕ್ಸ್ ಮತ್ತು ಟೆಲಿಲಿಂಕ್ ನಡುವಿನ ಮೊಕದ್ದಮೆಯಲ್ಲಿ ಬಾಂಬೆ ಹೈಕೋರ್ಟ್ 1989ರಲ್ಲಿ ಇದಕ್ಕೆ ಸ್ಪಷ್ಟ ಉತ್ತರ ಕೊಟ್ಟಿತು. ಪ್ರತಿಯೊಬ್ಬರೂ ತಮ್ಮ ತಮ್ಮ ಮನೆಯಲ್ಲಿ ಕುಳಿತು ನೋಡಿದರೂ ಕೇಬಲ್ ಮೂಲಕ ಹೀಗೆ ಸಿನಿಮಾ ಕೊಡುವುದು ಸಾರ್ವಜನಿಕ ಪ್ರಸಾರವೇ, ಹಕ್ಕುದಾರರ ಅನುಮತಿ ಬೇಕು ಎಂದಿತು. 1994ರಲ್ಲಿ ಹಕ್ಕುಸ್ವಾಮ್ಯ ಕಾಯ್ದೆಗೆ ತಂದ ತಿದ್ದುಪಡಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಒಂದಕ್ಕಿಂತ ಹೆಚ್ಚು ಮನೆಗಳಿಗೆ ಏಕಕಾಲದಲ್ಲಿ ಕಳಿಸಿದರೆ ಅದು ಸಾರ್ವಜನಿಕರಿಗೆ ಕೊಟ್ಟಂತೆ; ಹೋಟೆಲ್ ಅಥವಾ ಹಾಸ್ಟೆಲ್‌ನ ವಾಸದ ಕೋಣೆಗಳಿಗೆ ಕಳಿಸಿದರೂ ಅಷ್ಟೇ. ಕೇಬಲ್ ಜಾಲಗಳನ್ನು ನೋಂದಣಿಗೆ ಒಳಪಡಿಸಿದ ಪ್ರತ್ಯೇಕ ಕಾಯ್ದೆ 1995ರಲ್ಲಿ ಬಂತು.

ದಾವಣಗೆರೆಗೆ ಈ ಹಾಸ್ಟೆಲ್ ಎಂಬ ಮಾತು ನೇರವಾಗಿ ತಾಗುತ್ತದೆ. ಮೆಡಿಕಲ್, ಎಂಜಿನಿಯರಿಂಗ್, ಪಿಯು ಕಾಲೇಜುಗಳ ಊರಿದು. ಓಣಿಗೊಂದು ಹಾಸ್ಟೆಲೋ ಪಿಜಿಯೋ ಇದೆ. ಅಂಗಡಿಯಿಂದ ತಂದ ಸಿನಿಮಾ ಡಿಸ್ಕನ್ನು ವಾರ್ಡನ್ ಕೊಠಡಿಯಲ್ಲಿ ಹಾಕಿ ಎಲ್ಲ ಕೋಣೆಗೂ ಕಳಿಸುವ ಮುನ್ನ ಅನುಮತಿ ಬೇಕು. ಶಾಲೆಗೆ ವಿನಾಯಿತಿ ಇದೆ. ಸಂಸ್ಥೆಯ ಚಟುವಟಿಕೆಯ ಭಾಗವಾಗಿ ವಿದ್ಯಾರ್ಥಿಗಳು, ಸಿಬ್ಬಂದಿ, ಪೋಷಕರಿಗಷ್ಟೇ ಚಿತ್ರ ತೋರಿಸುವುದನ್ನು ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ ಉಲ್ಲಂಘನೆ ಎನ್ನುವುದಿಲ್ಲ. ಸ್ವಂತ ಮನೆಯ ಮೂರು ಕೋಣೆಗಳಲ್ಲಿ ಸ್ವಂತ ಡಿಸ್ಕ್ ನೋಡುವವರಿಗಂತೂ ಯಾವ ಚಿಂತೆಯೂ ಬೇಡ.

ಇನ್ನು ತಂತಿಯ ವಿಷಯಕ್ಕೆ ಬರೋಣ.

ಹೆಚ್ಚಿನವರು ಮೊದಲು ಮಾಡಿ ನೋಡುವುದು ಪ್ಲೇಯರ್‌ನ ಹಳದಿ ಎವಿ ಪಿನ್ನಿಗೆ ಎರಡು ಬಾಯಿಯ ಜಾಯಿಂಟ್ ಹಾಕುವುದನ್ನು. ಚಿತ್ರ ಬರುತ್ತದೆ, ಆದರೆ ಮಂಕಾಗಿ. ಕಾರಣ ಸರಳ. ಆ ಪಿನ್ನಿನಿಂದ ಬರುವ ವಿಡಿಯೋ ಸಂಕೇತ 1 ವೋಲ್ಟಿನದು, ಅದೂ ಎದುರಿಗೆ 75 ಓಮ್‌ನ ಒಂದೇ ಟೀವಿ ಇದ್ದರೆ. ಎರಡು ಟೀವಿ ಸೇರಿಸಿದರೆ ಸಂಕೇತ ಮೂರರಲ್ಲಿ ಎರಡು ಭಾಗಕ್ಕೆ ಇಳಿಯುತ್ತದೆ, ಮೂರು ಸೇರಿಸಿದರೆ ಅರ್ಧಕ್ಕೆ. ಭದ್ರಾ ನಾಲೆಯ ಕೊನೆ ಭಾಗದ ರೈತರಿಗೆ ಇದನ್ನು ವಿವರಿಸಬೇಕಿಲ್ಲ. ಮೇಲೆ ತೂಬು ಹೆಚ್ಚಿದಷ್ಟೂ ಕೆಳಗೆ ನೀರು ಕಡಿಮೆ. ಎವಿ ತಂತಿಯಲ್ಲೇ ಹಂಚಬೇಕೆಂದಿದ್ದರೆ ‘ಡಿಸ್ಟ್ರಿಬ್ಯೂಷನ್ ಆಂಪ್ಲಿಫೈಯರ್’ ಬೇಕು. ಅದು ಒಂದು ಸಂಕೇತವನ್ನು ಒಳಗೆ ತೆಗೆದುಕೊಂಡು, ಪ್ರತಿ ಬಾಯಿಯಿಂದಲೂ ಪೂರ್ತಿ 1 ವೋಲ್ಟಿನ ಪ್ರತಿಯನ್ನು ಹೊರಗೆ ಕೊಡುತ್ತದೆ. ಹತ್ತಿರ ಹತ್ತಿರದ ನಾಲ್ಕೈದು ಟೀವಿಗೆ ಇದು ಚೆನ್ನ. ಆದರೆ ಪ್ರತಿ ಟೀವಿಗೂ ಹಳದಿ, ಕೆಂಪು, ಬಿಳಿ ಎಂದು ಮೂರು ತಂತಿ ಎಳೆಯಬೇಕಾಗುತ್ತದೆ.

ಕೇಬಲ್‌ನವರು ಮೂರು ತಂತಿ ಎಳೆಯಲಿಲ್ಲ. ಅವರ ಉಪಾಯ ಮಾಡ್ಯುಲೇಟರ್. ಪ್ಲೇಯರ್‌ನ ಚಿತ್ರ, ಧ್ವನಿ ಎರಡನ್ನೂ ಈ ಪೆಟ್ಟಿಗೆ ಒಂದು ಟೀವಿ ಚಾನೆಲ್ಲಾಗಿ ಮಾಡುತ್ತದೆ. ನಮ್ಮ ಪದ್ಧತಿಯ 5ರಿಂದ 12ರವರೆಗಿನ ಚಾನೆಲ್‌ಗಳು 174ರಿಂದ 230 ಮೆಗಾಹರ್ಟ್ಸ್ ನಡುವೆ ಇವೆ, ಅದರಲ್ಲೊಂದನ್ನು ಆರಿಸಿಕೊಂಡರಾಯಿತು. ಆಮೇಲೆ ಒಂದೇ ಕೇಬಲ್ ಸಾಕು. ಟೀವಿಯ ಆಂಟೆನಾ ಕಿಂಡಿಗೆ ಸಿಕ್ಕಿಸಿ, ಟ್ಯೂನ್ ಮಾಡಿದರೆ ಚಿತ್ರ ಸಿದ್ಧ. ಎಷ್ಟು ಕವಲು ಬೇಕೋ ಅಷ್ಟಕ್ಕೆ ಸ್ಪ್ಲಿಟರ್. ಇಷ್ಟು ಅಗ್ಗವಾಗಿ, ಇಷ್ಟು ದೂರಕ್ಕೆ, ಇಷ್ಟು ಟೀವಿಗಳಿಗೆ ಚಿತ್ರ ಕಳಿಸುವ ಇನ್ನೊಂದು ದಾರಿ ಇವತ್ತಿಗೂ ಸುಲಭವಾಗಿ ಸಿಗುವುದಿಲ್ಲ. ಹಳೆಯದೆಂದು ಇದನ್ನು ಮೂಲೆಗೆ ತಳ್ಳುವುದು ಸರಿಯಲ್ಲ.

ಲೆಕ್ಕ ಹಾಕಿಯೇ ನೋಡಬಹುದು. ದಾವಣಗೆರೆಯಿಂದ ಹದಡಿ ರಸ್ತೆ ಹಿಡಿದು ಹೊರಟರೆ ಸಿಗುವ ಹದಡಿಯಂಥ ಊರಿನಲ್ಲಿ ಒಂದು ಪ್ರೌಢಶಾಲೆ ಎಂದಿಟ್ಟುಕೊಳ್ಳೋಣ. ಮುಖ್ಯೋಪಾಧ್ಯಾಯರ ಕೊಠಡಿಯಲ್ಲಿ ಪ್ಲೇಯರ್. ವಿಜ್ಞಾನದ ಡಿಸ್ಕನ್ನು ನಾಲ್ಕು ತರಗತಿಗಳಿಗೆ ತೋರಿಸಬೇಕು, ತೀರಾ ದೂರದ್ದು 60 ಮೀಟರ್ ಆಚೆ. ಸಣ್ಣ ಮಾಡ್ಯುಲೇಟರ್‌ನಿಂದ 85 ಡೆಸಿಬೆಲ್ ಮಟ್ಟದ ಸಂಕೇತ ಹೊರಡುತ್ತದೆ ಎನ್ನಿ. ಇದು ಸದ್ದಿನ ಡೆಸಿಬೆಲ್ ಅಲ್ಲ, ಮೈಕ್ರೋವೋಲ್ಟ್ ಲೆಕ್ಕದ್ದು. ನಾಲ್ಕು ಕವಲಿನ ಸ್ಪ್ಲಿಟರ್ ಏಳೆಂಟು ಡೆಸಿಬೆಲ್ ತಿನ್ನುತ್ತದೆ. ಆರ್‌ಜಿ-6 ಕೇಬಲ್ ಈ ಚಾನೆಲ್‌ಗಳಲ್ಲಿ 100 ಮೀಟರಿಗೆ ಒಂಬತ್ತು ಹತ್ತು ಡೆಸಿಬೆಲ್ ತಿನ್ನುತ್ತದೆ, ಅಂದರೆ 60 ಮೀಟರಿಗೆ ಸುಮಾರು ಆರು. ಒಟ್ಟು 14 ಕಳೆದರೆ ಉಳಿಯುವುದು 71. ಟೀವಿಗೆ ಬೇಕಾದದ್ದು 60ರಿಂದ 80ರೊಳಗೆ. ಆಂಪ್ಲಿಫೈಯರ್‌ನ ಗೊಡವೆಯೇ ಇಲ್ಲ! ಎಂಟು ಕೋಣೆಗಾದರೂ ಎಂಟು ಕವಲಿನ ಸ್ಪ್ಲಿಟರ್ ಇನ್ನೊಂದು ಮೂರ್ನಾಲ್ಕು ಡೆಸಿಬೆಲ್ ಮಾತ್ರ ಹೆಚ್ಚು ತಿನ್ನುತ್ತದೆ. ಆಗಲೂ ಚಿತ್ರ ಸ್ವಚ್ಛ.

ಲೆಕ್ಕ ಸರಿಯಿದ್ದೂ ಚಿತ್ರ ಕೆಟ್ಟರೆ ತಪ್ಪು ಇರುವುದು ಬಹುತೇಕ ಕೇಬಲ್ ತುದಿಯಲ್ಲಿ. ‘ಅಣ್ಣಾ, ಟೀವಿ ತುಂಬ ಚುಕ್ಕಿ ಬರ್ತಾವೆ’ ಎಂದು ಫೋನ್ ಬಂದರೆ ಕೇಬಲ್ ಹುಡುಗ ಮೊದಲು ಮುಟ್ಟಿ ನೋಡುವುದು ಪಿನ್ನನ್ನೇ. ಅದನ್ನು ಕಟ್ಟುವ ರೀತಿ ನೋಡುವಂಥದ್ದು. ಮೇಲಿನ ಕಪ್ಪು ಸಿಪ್ಪೆಯನ್ನು ಬ್ಲೇಡಿನಿಂದ ಸುತ್ತಲೂ ಕೊಯ್ದು ಎಳೆಯುತ್ತಾನೆ. ಒಳಗಿನ ಜಾಳಿಗೆಯಂಥ ಸಣ್ಣ ತಂತಿಗಳನ್ನು ಒಂದೂ ಬಿಡದೆ ಹಿಂದಕ್ಕೆ ಮಡಚುತ್ತಾನೆ. ಬಿಳಿಯ ಪದರವನ್ನು ತುದಿಯಲ್ಲಷ್ಟೇ ಕತ್ತರಿಸಿ, ನಡುವಿನ ತಾಮ್ರದ ಬಣ್ಣದ ತಂತಿಯನ್ನು ಉಗುರಿನಷ್ಟು ಹೊರಗೆ ಬಿಡುತ್ತಾನೆ. ಆಮೇಲೆ ಕನೆಕ್ಟರ್ ಕೂರಿಸಿ ಬಿಗಿ ಮಾಡುತ್ತಾನೆ. ಆ ಜಾಳಿಗೆಯ ಒಂದೇ ಒಂದು ಎಳೆ ನಡುವಿನ ತಂತಿಗೆ ತಾಗಿದರೆ ಶಾರ್ಟ್ ಆಗಿ ಚಿತ್ರವೇ ಹೋಗುತ್ತದೆ. ಬಿಗಿ ಸಾಲದಿದ್ದರೆ ಗಾಳಿ ಬೀಸಿದಾಗಲೆಲ್ಲ ಚಿತ್ರ ಬಂದು ಹೋಗುತ್ತದೆ. ಸ್ಪ್ಲಿಟರ್‌ನಲ್ಲಿ ಬಳಸದ ಬಾಯಿ ಉಳಿದಿದ್ದರೆ ಅದಕ್ಕೆ 75 ಓಮ್‌ನ ಮುಚ್ಚಳ ಹಾಕಬೇಕು. ಇಲ್ಲವಾದರೆ ಅಲ್ಲಿಂದ ಸಂಕೇತ ವಾಪಸು ಹೊರಳಿ ಉಳಿದ ಟೀವಿಗಳಲ್ಲಿ ಚಿತ್ರದ ಪಕ್ಕ ನೆರಳು ಕಾಣಿಸಬಹುದು.

ಮಾಡ್ಯುಲೇಟರ್‌ಗೂ ಮಿತಿ ಇದೆ. ನಮ್ಮ ಡಿವಿಡಿಯ ಚಿತ್ರದಲ್ಲಿ 576 ಗೆರೆಗಳು. ಈ ದಾರಿಯಲ್ಲಿ ಹೋದರೆ ಅದು ತುಸು ಮೆದುವಾಗುತ್ತದೆ. ಸಣ್ಣ ಮಾಡ್ಯುಲೇಟರ್‌ಗಳಲ್ಲಿ ಸ್ಟೀರಿಯೋ ಧ್ವನಿ ಇರುವುದಿಲ್ಲ. ಪಾಠಕ್ಕೆ, ಪ್ರವಚನಕ್ಕೆ, ಮದುವೆ ಮನೆಗೆ ಇದು ಕೊರತೆಯೇ ಅಲ್ಲ. ಬ್ಲೂ-ರೇ ಡಿಸ್ಕಿನ ಪೂರ್ತಿ ಸೊಬಗು ಬೇಕೆನ್ನುವವರು ಎಚ್‌ಡಿಎಂಐ ಕಡೆ ಹೋಗಬೇಕು.

ಎಚ್‌ಡಿಎಂಐ ಸ್ಪ್ಲಿಟರ್ ಎರಡು, ನಾಲ್ಕು, ಎಂಟು ಬಾಯಿಗಳಲ್ಲಿ ಸಿಗುತ್ತದೆ. ಇಲ್ಲಿ ಚಿತ್ರ ಮಂಕಾಗುವ ಪ್ರಶ್ನೆಯಿಲ್ಲ. ತೊಂದರೆಗಳು ಬೇರೆ. ಸಾಮಾನ್ಯ ಎಚ್‌ಡಿಎಂಐ ಕೇಬಲ್ ಹತ್ತು ಹದಿನೈದು ಮೀಟರ್ ದಾಟಿದರೆ ಭರವಸೆ ಇಲ್ಲ, ಚಿತ್ರ ಮಿಣುಕಿ ಪೂರ್ತಿ ಕಪ್ಪಾಗಬಹುದು. ಅದಕ್ಕಿಂತ ದೂರವಿದ್ದರೆ ಕಂಪ್ಯೂಟರ್ ನೆಟ್‌ವರ್ಕಿನ ಕ್ಯಾಟ್-6 ತಂತಿಯ ಎರಡೂ ತುದಿಗೆ ಎಕ್ಸ್‌ಟೆಂಡರ್ ಪೆಟ್ಟಿಗೆ ಹಾಕಬೇಕು. ಆಗ ಐವತ್ತು ಮೀಟರಿನವರೆಗೂ ಹೋಗುತ್ತದೆ. ಎರಡನೆಯದು ಎಚ್‌ಡಿಸಿಪಿ ಎಂಬ ಬೀಗ. ಬ್ಲೂ-ರೇಯಂಥ ರಕ್ಷಿತ ಡಿಸ್ಕಿನ ಚಿತ್ರವನ್ನು ಹೊರಗೆ ಬಿಡುವ ಮುನ್ನ ಪ್ಲೇಯರ್ ಆಚೆ ತುದಿಯ ಟೀವಿಯನ್ನು ಮಾತಾಡಿಸಿ ಖಾತ್ರಿ ಮಾಡಿಕೊಳ್ಳುತ್ತದೆ. ನಡುವಿನ ಪೆಟ್ಟಿಗೆಗೆ ಆ ಮಾತು ಬಾರದಿದ್ದರೆ ಪರದೆ ಖಾಲಿ. ಮೂರನೆಯದು ಟೀವಿಗಳ ಹೊಂದಾಣಿಕೆ. ಹಾಲ್‌ನಲ್ಲಿ ಹೊಸ ದೊಡ್ಡ ಟೀವಿ, ಅಡುಗೆಮನೆಯಲ್ಲಿ ಹಳೆಯ ಚಿಕ್ಕದು ಇದ್ದರೆ ಎಷ್ಟೋ ಸ್ಪ್ಲಿಟರ್‌ಗಳು ಚಿಕ್ಕದಕ್ಕೆ ಒಪ್ಪುವ ಗುಣಮಟ್ಟವನ್ನೇ ಎರಡಕ್ಕೂ ಕಳಿಸುತ್ತವೆ.

ಎಚ್‌ಡಿಎಂಐ ಚಿತ್ರವನ್ನೇ ಚಾನೆಲ್ಲಾಗಿಸುವ ಡಿಜಿಟಲ್ ಮಾಡ್ಯುಲೇಟರ್‌ಗಳೂ ಇವೆ. ಕಲ್ಯಾಣ ಮಂಟಪಕ್ಕೆ, ಲಾಡ್ಜಿಗೆ ಒಳ್ಳೆಯ ದಾರಿ. ಬೆಲೆ ಹೆಚ್ಚು. ಪ್ರತಿ ಟೀವಿಯ ಟ್ಯೂನರ್ ಯಾವ ಬಗೆಯದು ಎಂದು ನೋಡಿಯೇ ಕೊಳ್ಳಬೇಕು. ಇನ್ನು ವೈರ್‌ಲೆಸ್ ಸೆಂಡರ್‌ಗಳು: 2.4 ಗಿಗಾಹರ್ಟ್ಸ್‌ನವು ಮನೆಯ ವೈಫೈ ಜೊತೆಗೇ ಜಗಳಕ್ಕೆ ಬೀಳುತ್ತವೆ, ಇಟ್ಟಿಗೆ ಗೋಡೆ ಎರಡಾದರೆ ಸೋಲುತ್ತವೆ. ತಂತಿ ಎಳೆಯಲು ಸಾಧ್ಯವೇ ಇಲ್ಲದ ಕಡೆಗೆ ಮಾತ್ರ ಅವು.

ಯಾವ ದಾರಿ ಹಿಡಿದರೂ ಎಲ್ಲ ಕೋಣೆಯಲ್ಲೂ ಕಾಣುವುದು ಒಂದೇ ಚಿತ್ರ. ಮಗ ಹಾಡು ಓಡಿಸಿದರೆ ಅಜ್ಜಿಯ ಕೋಣೆಯಲ್ಲೂ ಅದು ಓಡುತ್ತದೆ. ಬೇರೆ ಕೋಣೆಯಿಂದ ರಿಮೋಟ್ ಒತ್ತಬೇಕಾದರೆ ಐಆರ್ ಎಕ್ಸ್‌ಟೆಂಡರ್ ಹಾಕಿಸಬೇಕು. ಅದರ ಪುಟ್ಟ ಕಣ್ಣು ರಿಮೋಟಿನ ಬೆಳಕನ್ನು ಹಿಡಿದು ತಂತಿಯ ಮೂಲಕ ಪ್ಲೇಯರ್‌ಗೆ ಮುಟ್ಟಿಸುತ್ತದೆ. ಬೇರೆ ಬೇರೆ ಕಂಪನಿಯ ಟೀವಿಗಳು ಚಿತ್ರವನ್ನು ತೋರಿಸಲು ಬೇರೆ ಬೇರೆ ಹೊತ್ತು ತೆಗೆದುಕೊಳ್ಳುವುದರಿಂದ ಅಕ್ಕಪಕ್ಕದ ಕೋಣೆಗಳ ಧ್ವನಿ ಪ್ರತಿಧ್ವನಿಯಂತೆ ಕೇಳಿಸುವುದೂ ಉಂಟು. ಆಗ ಒಂದರ ಧ್ವನಿ ತಗ್ಗಿಸುವುದೇ ಸುಲಭ.

ಊರಿಗೆ ಊರೇ ನೋಡುತ್ತಿದ್ದ ಆ ಲೋಕಲ್ ಚಾನೆಲ್‌ಗಳ ಕಾಲ ಬದಲಾಯಿತು. ಕೇಬಲ್ ಡಿಜಿಟಲ್ ಆಗಬೇಕೆಂಬ ಸರ್ಕಾರದ ಆದೇಶದ ಪ್ರಕಾರ ಬೆಂಗಳೂರು, ಮೈಸೂರಿಗೆ 2013ರ ಮಾರ್ಚ್ ಗಡುವಾಗಿತ್ತು. ಹಳ್ಳಿಗಳ ಕೊನೆಯ ಗಡುವು 2017ರ ಮಾರ್ಚ್ 31. ಪ್ರತಿ ಟೀವಿಗೂ ಸೆಟ್‌ಟಾಪ್ ಬಾಕ್ಸ್ ಬಂದ ಮೇಲೆ ಕಂಟ್ರೋಲ್ ರೂಮಿನ ಹಳೆಯ ಮಾಡ್ಯುಲೇಟರ್‌ಗಳು ಕೆಲಸ ಕಳೆದುಕೊಂಡವು. ಅವುಗಳನ್ನು ಗುಜರಿಗೆ ಹಾಕುವ ಮುನ್ನ ಶಾಲೆಗಳವರು ಒಮ್ಮೆ ತಮ್ಮೂರಿನ ಕೇಬಲ್‌ನವರನ್ನು ವಿಚಾರಿಸುವುದು ಒಳ್ಳೆಯದು. ನಾಲ್ಕು ತರಗತಿಗೆ ಬೇಕಾದ ಸರಂಜಾಮು ಅವರ ಅಟ್ಟದ ಮೇಲೇ ಇರಬಹುದು, ಅದನ್ನು ಜೋಡಿಸುವ ಕೈ ಅವರದಂತೂ ಪಳಗಿದ್ದು.

ಕೇಬಲ್ ಒಂದು ಕಟ್ಟಡದಿಂದ ಇನ್ನೊಂದಕ್ಕೆ ಬಯಲಲ್ಲಿ ಹಾಯುವುದಾದರೆ ಅವರನ್ನು ಕೇಳಲೇಬೇಕಾದ ಇನ್ನೊಂದು ವಿಷಯ ಅರ್ತಿಂಗ್. ಎರಡು ಕಟ್ಟಡಗಳ ಅರ್ತ್ ಬೇರೆ ಬೇರೆಯಾಗಿದ್ದರೆ ಪರದೆಯ ಮೇಲೆ ಅಡ್ಡಪಟ್ಟಿಗಳು ನಿಧಾನವಾಗಿ ಮೇಲೇರುತ್ತವೆ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಸಿಡಿಲಿನ ಏಟು ಆ ಕೇಬಲ್ ಹಿಡಿದೇ ಒಳಗೆ ಬಂದು ಟೀವಿ, ಪ್ಲೇಯರ್ ಎರಡನ್ನೂ ಸುಡಬಲ್ಲದು. ಮೋಡ ಕಟ್ಟಿದ ಕೂಡಲೇ ಕರೆಂಟಿನ ಪ್ಲಗ್ ಮಾತ್ರವಲ್ಲ, ಆಂಟೆನಾ ಪಿನ್ನನ್ನೂ ಕಿತ್ತಿಡಬೇಕು.