ಹದಿನಾಲ್ಕನೇ ಕೊಠಡಿ

ಬೆಳಿಗ್ಗೆ ಒಂಬತ್ತೂವರೆಗೇ ತಾಲ್ಲೂಕು ಆಸ್ಪತ್ರೆಯ ಸಾಲು ಮೆಟ್ಟಿಲಿಳಿದು ಬೇವಿನ ಮರದ ಬುಡಕ್ಕೆ ಬಂದಿದೆ. ಜ್ವರದ ಕೂಸನ್ನು ಹೆಗಲಿಗೆ ಹಾಕಿಕೊಂಡ ತಾಯಿ, ಬಿಪಿ ಮಾತ್ರೆ ಮುಗಿದ ಅಜ್ಜ, ನಾಯಿ ಕಚ್ಚಿಸಿಕೊಂಡ ಹುಡುಗ. ಇವರ ನಡುವೆ ಸೆರಗು ಹೊದ್ದು ನಿಂತ ನಡುವಯಸ್ಸಿನ ಹೆಂಗಸಿನ ಕೈಯಲ್ಲೊಂದು ಪ್ಲಾಸ್ಟಿಕ್ ಚೀಲ. ಅದರೊಳಗೆ ಮಡಚಿ ಮಡಚಿ ಸವೆದ ಇಸಿಜಿ ಪಟ್ಟಿ, ಹೊಟ್ಟೆಯ ಸ್ಕ್ಯಾನಿಂಗ್ ರಿಪೋರ್ಟು, ಖಾಸಗಿ ಕ್ಲಿನಿಕ್ಕುಗಳ ಚೀಟಿಗಳು, ಅರ್ಧ ಖಾಲಿಯಾದ ಗ್ಯಾಸ್ ಮಾತ್ರೆಯ ಶೀಟು. ರಿಪೋರ್ಟುಗಳೆಲ್ಲ ನಾರ್ಮಲ್.

"ಏನಾಗ್ತದವ್ವಾ?"

"ಎದಿ ಡವಡವ ಅಂತೈತ್ರಿ. ಮೈಯೆಲ್ಲಾ ಉರಿ. ತಲಿ ಭಾರ. ರಾತ್ರಿ ಕಣ್ಣಿಗೆ ಕಣ್ಣು ಹತ್ತಂಗಿಲ್ರಿ."

ಮನಸ್ಸಿನ ಸುದ್ದಿಯೇ ಇಲ್ಲ. ನಮ್ಮ ಕಡೆ ಖಿನ್ನತೆ ಬರುವುದೇ ಹೀಗೆ, ಎದೆಯುರಿ, ಸೊಂಟನೋವು, ಸುಸ್ತಿನ ಹೆಸರು ಹೇಳಿಕೊಂಡು. ಸಾಲು ಉದ್ದವಿದ್ದಾಗ ಒಂದು ಬಿ-ಕಾಂಪ್ಲೆಕ್ಸ್ ಇಂಜೆಕ್ಷನ್ ಚುಚ್ಚಿ ಕಳಿಸುವುದು ಸುಲಭ. ಆ ಚೀಲದ ಚೀಟಿಗಳು ಸಾರಿ ಹೇಳುವುದು ಅದನ್ನೇ. ಈ ಡಾಕ್ಟರು ಮಾತ್ರ ಪೆನ್ನು ಕೆಳಗಿಟ್ಟು ಇನ್ನೆರಡು ಮಾತು ಕೇಳಿದರು: "ಮೊದಲಿನಂಗ ಕೆಲಸದಾಗ ಮನಸ್ಸು ನಿಲ್ತದೇನು? ಬದುಕೋದಾ ಬ್ಯಾಡ ಅನಿಸೇತೇನು?" ಉತ್ತರದ ಬದಲು ಸೆರಗಿನ ತುದಿ ಕಣ್ಣಿಗೆ ಹೋಯಿತು. ಡಾಕ್ಟರು ಚೀಟಿಯ ಮೂಲೆಯಲ್ಲಿ 14 ಎಂದು ಬರೆದರು.

ಇವತ್ತು ಮಂಗಳವಾರ. ಕರ್ನಾಟಕದ 'ಮನೋಚೈತನ್ಯ' ಕಾರ್ಯಕ್ರಮದಲ್ಲಿ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುವ ದಿನ. ಹದಿನಾಲ್ಕನೇ ಕೊಠಡಿಯಲ್ಲಿ ಇರುವುದಿಷ್ಟೇ: ಒಂದು ಮೇಜು, ಮೂರು ಕುರ್ಚಿ, ಹಸಿರು ಪರದೆ. ಮನೋವೈದ್ಯೆ ಮೊದಲು ಜೊತೆಗೆ ಬಂದ ಅತ್ತೆಯನ್ನು "ಒಂದೀಟು ಹೊರಗ ಕುಂದರ್ರೀ ಅಮ್ಮಾ" ಎಂದು ಕಳಿಸಿದರು. ಆಮೇಲೆ ಮಾತು ಹೊರಬಂತು: ಮೈತುಂಬ ಸಾಲ, ಗಂಡನ ಕುಡಿತ, ಬಾವಿಯ ಕಡೆಗೆ ಹೋಗಿ ವಾಪಸ್ಸು ಬಂದ ಒಂದು ಸಂಜೆ. ಎಲ್ಲ ಕೇಳಿಸಿಕೊಂಡು ವೈದ್ಯೆ ಮಾತ್ರೆ ಬರೆದರು. "ಇದು ನಿದ್ದಿ ಗುಳಿಗಿ ಅಲ್ಲವ್ವಾ. ಗುಣ ಕಾಣಾಕ ಎರಡು ಮೂರು ವಾರ ಬೇಕು. ನಡುವೆ ಬಿಡಬ್ಯಾಡ. ಮುಂದಿನ ಮಂಗಳವಾರ ಬಾ." ಬಳಿಕ ಅತ್ತೆಯನ್ನು ಒಳಗೆ ಕರೆದು, ಸೊಸೆಯನ್ನು ಒಬ್ಬಳನ್ನೇ ಬಿಡಬೇಡಿ ಎಂದು ಬಿಡಿಸಿ ಹೇಳಿದರು.

ಈ ಕೊಠಡಿಯ ಬೇರು ಬಳ್ಳಾರಿ ಜಿಲ್ಲೆಯಲ್ಲಿದೆ. 1980ರ ದಶಕದಲ್ಲಿ ಬೆಂಗಳೂರಿನ ಮನೋರೋಗ ಸಂಸ್ಥೆ ನಿಮ್ಹಾನ್ಸ್ ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಮನೋರೋಗದ ಚಿಕಿತ್ಸೆ ಹಳ್ಳಿಯ ಹತ್ತಿರವೇ ಸಾಧ್ಯವೆಂದು ತೋರಿಸಿತು. ಆ ಮಾದರಿಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಯಿತು. ಆದರೂ 2015-16ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಬಹುತೇಕ ಮಾನಸಿಕ ಕಾಯಿಲೆಗಳಲ್ಲಿ ಶೇ. 70ಕ್ಕೂ ಹೆಚ್ಚು ಮಂದಿ ಚಿಕಿತ್ಸೆಯಿಂದ ಹೊರಗೇ ಇದ್ದರು.

ಹನ್ನೊಂದರ ಹೊತ್ತಿಗೆ ಗೇಟಿನಲ್ಲಿ ಗದ್ದಲ. ಅಣ್ಣಂದಿರಿಬ್ಬರು ಒಬ್ಬ ಯುವಕನನ್ನು ಎರಡೂ ತೋಳು ಹಿಡಿದು ತಂದಿದ್ದಾರೆ. ಅವನಿಗೆ ಯಾರೋ ಕಿವಿಯಲ್ಲಿ ಬೈಯುತ್ತಿದ್ದಾರೆ, ಊಟದಲ್ಲಿ ವಿಷ ಹಾಕಿದ್ದಾರೆ, ದಿನಗಟ್ಟಲೆ ನಿದ್ದೆಯಿಲ್ಲ. ಇಲ್ಲಿ ಇಂಜೆಕ್ಷನ್ ಕೊಟ್ಟು ಶಾಂತ ಮಾಡಬಹುದು, ಒಳರೋಗಿಯಾಗಿ ಇಟ್ಟುಕೊಳ್ಳಲು ವಾರ್ಡಿಲ್ಲ. ಅವನು ಧಾರವಾಡಕ್ಕೋ ಬೆಂಗಳೂರಿಗೋ ಹೋಗಲೇಬೇಕು. ಕ್ಲೋಜಪಿನ್ ಮಾತ್ರೆ ಕೊಟ್ಟು ರಕ್ತದ ಬಿಳಿಕಣ ಎಣಿಸುತ್ತ ಕಾಯುವುದು, ವಿದ್ಯುತ್ ಚಿಕಿತ್ಸೆ ಕೊಡುವುದು, ಮೆದುಳಿನ ಬೇರೆ ಕಾಯಿಲೆ ಇದೆಯೇ ಎಂದು ಜಾಲಾಡುವುದು ದೊಡ್ಡ ಸಂಸ್ಥೆಗಳ ಕೆಲಸ. ಅಂಥವರಿಗೆ ಅಲ್ಲಿ ಹಾಸಿಗೆ ಸಿಗಬೇಕಾದರೆ ಬರೀ ಮಾತ್ರೆ ಮುಂದುವರಿಸಲು ರಾತ್ರಿ ಬಸ್ಸು ಹತ್ತಿ, ಕೂಲಿ ಕಳೆದುಕೊಂಡು ಹೊಸೂರು ರಸ್ತೆಯ ನಿಮ್ಹಾನ್ಸ್ ಮುಂದೆ ಇಳಿಯುವವರ ಸಾಲು ಕರಗಬೇಕು. ಅವರ ಮಾತ್ರೆ ಅವರ ತಾಲ್ಲೂಕಿನಲ್ಲೇ ಸಿಗಬೇಕು.

ಇನ್ನೊಂದು ಲಾಭವೂ ಇದೆ. "ನಿಮ್ಹಾನ್ಸಿಗೆ ಹೋಗಿ ಬಂದಾರಂತ" ಎಂಬ ಪಿಸುಮಾತು ಮಗಳ ಮದುವೆಯ ತನಕ ಬೆನ್ನು ಹತ್ತುತ್ತದೆ. ಇಲ್ಲಿ ನಾಯಿ ಕಚ್ಚಿದವನಿಗೂ ಆ ಚೀಲದ ಹೆಂಗಸಿಗೂ ಒಂದೇ ಬಣ್ಣದ ಚೀಟಿ.

ಔಷಧಿ ಕೌಂಟರಿನಲ್ಲಿ ಮಾತ್ರ ಮನಸ್ಸು ಕುಂದಿತು. ಬರೆದದ್ದು ತಿಂಗಳಿನ ಗುಳಿಗೆ, ಕೊಟ್ಟದ್ದು ಹತ್ತು ದಿನದ್ದು, ಸ್ಟಾಕ್ ಇಲ್ಲ. ಮಾನಸಿಕ ಆರೋಗ್ಯ ಸೇವೆಯನ್ನು ಪ್ರಾಥಮಿಕ ಹಂತದಿಂದಲೇ ಸಾಮಾನ್ಯ ಆರೋಗ್ಯ ಸೇವೆಯೊಳಗೆ ಸೇರಿಸಬೇಕೆಂದು 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ ಹೇಳುತ್ತದೆ. ಮಾತ್ರೆ ಇಲ್ಲದ ಕೌಂಟರು ಆ ಕಾಯ್ದೆಯ ಉಲ್ಲಂಘನೆ ಎಂದೇ ನಾನು ಭಾವಿಸುತ್ತೇನೆ.

ನಿಮ್ಮ ಮನೆಯಲ್ಲಿ ಯಾರಾದರೂ ಕಾರಣ ಸಿಗದ ನೋವಿನಿಂದ ಕ್ಲಿನಿಕ್ಕು ಅಲೆಯುತ್ತಿದ್ದರೆ, ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಯಾವ ದಿನ ಬರುತ್ತಾರೆಂದು ವಿಚಾರಿಸಿ, ಜೊತೆಗೆ ಹೋಗಿ. ಅಷ್ಟರವರೆಗೆ ಕಾಯಲಾಗದಿದ್ದರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಿ. ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು.