ಗೋಡೆಯ ಮೇಲಿನ ಡಬ್ಬಿಗೆ ವಾರಸುದಾರ ಯಾರು?

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಈ ಮೂರೂರುಗಳ ನಡುವೆ ಬೈಕಿನಲ್ಲಿ ಓಡಾಡುತ್ತ ಮನೆ, ಅಂಗಡಿ, ಗೋದಾಮುಗಳಿಗೆ ಇಂಟರ್ನೆಟ್ ಲೈನ್ ಎಳೆಯುವುದು ನನ್ನ ಕಸುಬು. ಸೋಮವಾರ, ಗುರುವಾರ ಬಂತೆಂದರೆ ಬ್ಯಾಡಗಿಯಿಂದ ಫೋನಿಗೆ ಬಿಡುವಿಲ್ಲ. ಮೆಣಸಿನಕಾಯಿ ಮಾರುಕಟ್ಟೆಯ ದಿನಗಳವು. ಟೆಂಡರ್ ಈಗ ಆನ್‌ಲೈನ್; ನೆಟ್ ಹೋದರೆ ಖರೀದಿದಾರ ರೇಟು ಹಾಕುವಂತಿಲ್ಲ. ಹೀಗಾಗಿ ನೆಟ್ ಹೋದಾಗ ಎಲ್ಲರಿಗೂ ನಾನು ಬೇಕು. ನೆಟ್ ಇರುವಾಗ ಹೋಗಿ ಒಂದು ಮಾತು ಹೇಳಿದರೆ ಯಾರಿಗೂ ಬೇಡ.

ಒಂದು ದಲಾಲಿ ಅಂಗಡಿಯಲ್ಲಿ ಲೆಕ್ಕದ ಪುಸ್ತಕಗಳ ಕಪಾಟಿನ ಮೇಲೆ ರೂಟರ್ ಮೊಳೆಗೆ ನೇತಾಡುತ್ತಿತ್ತು. ಗಾಳಿಯಾಡುವ ಕಿಂಡಿಗಳಲ್ಲಿ ಕೆಂಪು ಖಾರದ ಪುಡಿ, ಮೇಲೆ ಆಯುಧಪೂಜೆಯ ವಿಭೂತಿ. ಬಿಚ್ಚಿ ಒರೆಸುತ್ತ, "ಸಾವ್ಕಾರ್ರ, ಇದರ ಸಾಫ್ಟ್‌ವೇರ್ ಭಾಳ ಹಳೇದೈತ್ರಿ, ಹೊಸದು ಹಾಕ್ಬೇಕು" ಅಂದೆ. "ಲೈಟ್ ಹತ್ತೇತಲ್ಲೋ ತಮ್ಮಾ, ನಡಿಯೂದನ್ನ ಯಾಕ ಕೆಣಕ್ತಿ?" ಎಂದರು. ಅವರ ಮಾತಿನಲ್ಲಿ ವ್ಯಾಪಾರಿಯ ಜಾಣತನವಿದೆ. ಆದರೆ ಡಬ್ಬಿಯ ಹಸಿರು ದೀಪ ಹೇಳುವುದು ಲೈನ್ ಇದೆ ಎಂದಷ್ಟೇ. ಒಳಗೆ ಯಾರು ಕೂತಿದ್ದಾರೆಂದು ಅದು ಹೇಳುವುದಿಲ್ಲ.

ಡಬ್ಬಿಯೊಳಗೆ ಇರುವುದು ಒಂದು ಪೂರಾ ಕಂಪ್ಯೂಟರ್: ಪ್ರೊಸೆಸರ್, ಮೆಮೊರಿ, ಜೊತೆಗೆ ಕಾರ್ಖಾನೆಯಲ್ಲೇ ತುಂಬಿ ಕಳಿಸಿದ ಸಾಫ್ಟ್‌ವೇರ್, ಅಂದರೆ ಫರ್ಮ್‌ವೇರ್. ಬ್ರೌಸರಿನಲ್ಲಿ 192.168.1.1 ಎಂದು ಹೊಡೆದರೆ ತೆರೆಯುವ ಸೆಟ್ಟಿಂಗ್ ಪುಟವನ್ನು ಕೊಡುವುದೂ ಅದರೊಳಗಿನ ಒಂದು ಪುಟ್ಟ ವೆಬ್ ಸರ್ವರ್. ಅನೇಕ ಹಳೆಯ ಮೋಡೆಮ್‌ಗಳಲ್ಲಿ ಆ ಸರ್ವರ್ 'ರಾಮ್‌ಪೇಜರ್'. ಬರೆದದ್ದು ಅಮೆರಿಕದ ಅಲ್ಲೆಗ್ರೊ ಕಂಪನಿ. 2014ರ ಡಿಸೆಂಬರಿನಲ್ಲಿ ಇಸ್ರೇಲಿನ ಚೆಕ್ ಪಾಯಿಂಟ್ ಸಂಸ್ಥೆಯ ಸಂಶೋಧಕರು ಅದರಲ್ಲೊಂದು ತೂತು ತೋರಿಸಿದರು. ಇಟ್ಟ ಹೆಸರು 'ಮಿಸ್‌ಫಾರ್ಚೂನ್ ಕುಕೀ'. ಡಿ-ಲಿಂಕ್, ಟಿಪಿ-ಲಿಂಕ್, ಹುವಾವೇ, ಝಡ್‌ಟಿಇ ಸೇರಿದಂತೆ ಹಲವು ಕಂಪನಿಗಳ ಸುಮಾರು 200 ಮಾಡೆಲ್‌ಗಳು, ಜಗತ್ತಿನಾದ್ಯಂತ ಕನಿಷ್ಠ 1.2 ಕೋಟಿ ಸಾಧನಗಳು ಅದರ ವ್ಯಾಪ್ತಿಯಲ್ಲಿದ್ದವು.

ಬ್ರೌಸರ್ ಕಳಿಸುವ 'ಕುಕೀ' ಎಂಬ ಚಿಕ್ಕ ಗುರುತುಚೀಟಿಗಳನ್ನು ಇಡಲು ರಾಮ್‌ಪೇಜರ್ ಮೆಮೊರಿಯಲ್ಲಿ 10 ಖಾನೆ ಮಾಡಿಕೊಂಡಿತ್ತು. ಯಾವ ಖಾನೆಗೆ ಹಾಕಬೇಕೆಂಬ ನಂಬರು ಚೀಟಿಯ ಜೊತೆಗೇ ಬರುತ್ತಿತ್ತು. ಆ ನಂಬರು ಹತ್ತರೊಳಗೆ ಇದೆಯೇ ಎಂದು ನೋಡುವ ಒಂದು ಸಾಲು ಪ್ರೋಗ್ರಾಮಿನಲ್ಲಿ ಇರಲಿಲ್ಲ. ದಲಾಲಿ ಅಂಗಡಿಯ ಅಂಗಳದಲ್ಲಿ ಹತ್ತು ಲಾಟಿಗಷ್ಟೇ ಜಾಗವಿದೆ ಅನ್ನಿ. ಗುರುತು ಪರಿಚಯವಿಲ್ಲದವನೊಬ್ಬ ಬಂದು "ಈ ಚೀಲ ಐನೂರನೇ ಲಾಟಿಗೆ ಸುರಿ" ಅನ್ನುತ್ತಾನೆ. "ಇಲ್ಲಿರೋದೇ ಹತ್ತು" ಎನ್ನದೆ ಹಮಾಲ ಹೆಜ್ಜೆ ಎಣಿಸುತ್ತ ಹೋಗಿ, ಐನೂರನೆಯದು ಎಲ್ಲಿ ಬೀಳುತ್ತದೋ ಅಲ್ಲಿ, ಅದು ಸಾವ್ಕಾರರ ಗಲ್ಲಾಪೆಟ್ಟಿಗೆಯೇ ಆಗಿರಲಿ, ಸುರಿದು ಬರುತ್ತಾನೆ. ಮೆಮೊರಿ ಸುರಕ್ಷತೆಯ ದೋಷವೆಂದರೆ ಇದೇ. ಲೆಕ್ಕ ಹಾಕಿ ನಂಬರು ಕಳಿಸಿದವನು ಡಬ್ಬಿಯ ಮೆಮೊರಿಯಲ್ಲಿ ತನಗೆ ಬೇಕಾದ ಕಡೆ ಬರೆಯಬಲ್ಲ, ಮಾಲೀಕನ ಅಧಿಕಾರವನ್ನೇ ಕಸಿಯಬಲ್ಲ. ಇಷ್ಟಕ್ಕೂ ಪಾಸ್‌ವರ್ಡ್ ಬೇಕಿರಲಿಲ್ಲ.

ನನಗೆ ಸಿಟ್ಟು ಬರುವುದು ಮುಂದಿನ ಸಂಗತಿಗೆ. ಅಲ್ಲೆಗ್ರೊ ಇದನ್ನು 2005ರಲ್ಲೇ ಸರಿಪಡಿಸಿತ್ತು! ಹೊಸ ಆವೃತ್ತಿ ಅಲ್ಲೆಗ್ರೊದಿಂದ ಚಿಪ್ ಮಾಡುವವರಿಗೆ, ಅವರಿಂದ ಮೋಡೆಮ್ ಕಂಪನಿಗೆ, ಅಲ್ಲಿಂದ ಇಂಟರ್ನೆಟ್ ಕೊಡುವವರಿಗೆ, ಕೊನೆಗೆ ನಮ್ಮ ಗೋಡೆಗೆ ಬರಬೇಕು. ನಡುವಿನವರು ಹಳೆಯದನ್ನೇ ಹೊಸ ಡಬ್ಬಿಗೂ ತುಂಬುತ್ತ ಹೋದರು. ಒಂಬತ್ತು ವರ್ಷದ ಮೇಲೂ ತೂತಿರುವ ಡಬ್ಬಿಗಳು ಕೋಟಿಗಟ್ಟಲೆ ಉಳಿದದ್ದು ಹೀಗೆ.

ನಮ್ಮ ರಾಜ್ಯಕ್ಕೂ ಬಿಸಿ ತಟ್ಟಿದೆ. 2017ರ ಜುಲೈ ಕೊನೆಯಲ್ಲಿ ಬಿಎಸ್‌ಎನ್‌ಎಲ್ ಕರ್ನಾಟಕ ವೃತ್ತದ ಬ್ರಾಡ್‌ಬ್ಯಾಂಡ್ ಮೋಡೆಮ್‌ಗಳ ಮೇಲೆ ಮಾಲ್‌ವೇರ್ ದಾಳಿಯಾಯಿತು. ಅದು ಒಳಹೊಕ್ಕ ದಾರಿ ಬೇರೆ. ಕಾರ್ಖಾನೆಯಿಂದ ಬಂದ 'ಅಡ್ಮಿನ್' ಎಂಬ ಪಾಸ್‌ವರ್ಡನ್ನು ಗ್ರಾಹಕರು ಬದಲಿಸಿರಲಿಲ್ಲ. ಬದಲಿಸಿ ಎಂದು ಸಂಸ್ಥೆ ಪ್ರಕಟಣೆ ಕೊಟ್ಟಿತು. ಅಂದಿನಿಂದ ಪಾಸ್‌ವರ್ಡಿನ ಮಾತು ಸ್ವಲ್ಪಮಟ್ಟಿಗೆ ಜನರ ಕಿವಿಗೆ ಬಿದ್ದಿದೆ. ಫರ್ಮ್‌ವೇರಿನ ಮಾತು ಇನ್ನೂ ಬಿದ್ದಿಲ್ಲ. ಪಾಸ್‌ವರ್ಡ್ ಎಷ್ಟು ಗಟ್ಟಿಯಿದ್ದರೂ ಮೆಮೊರಿಯ ತೂತು ಮುಚ್ಚದು. ಅದನ್ನು ಮುಚ್ಚುವುದು ಹೊಸ ಫರ್ಮ್‌ವೇರ್ ಮಾತ್ರ.

"ನನ್ನ ಡಬ್ಬಿ ಹಿಡ್ಕೊಂಡು ಅವ ಏನ್ ಮಾಡ್ತಾನ?" ಎಂದು ರಾಣೆಬೆನ್ನೂರಿನ ಬೀಜದಂಗಡಿಯವರು ಕೇಳಿದ್ದರು. ಬ್ಯಾಂಕಿನ ವಿಳಾಸ ಹೊಡೆದವರನ್ನು ನಕಲಿ ಪುಟಕ್ಕೆ ತಿರುಗಿಸಬಹುದು. ಅದೇ ನೆಟ್‌ನಲ್ಲಿರುವ ಸಿಸಿಟಿವಿ, ಬಿಲ್ಲಿಂಗ್ ಕಂಪ್ಯೂಟರ್‌ಗಳಿಗೆ ಕೈಹಾಕಬಹುದು. ನಮ್ಮ ಡಬ್ಬಿಯಿಂದಲೇ ಬೇರೆಯವರ ಮೇಲೆ ದಾಳಿ ಮಾಡಿಸಬಹುದು. 2018ರ ಮೇನಲ್ಲಿ ಬೆಳಕಿಗೆ ಬಂದ ವಿಪಿಎನ್‌ಫಿಲ್ಟರ್ ಎಂಬ ಮಾಲ್‌ವೇರ್ 54 ದೇಶಗಳಲ್ಲಿ ಸುಮಾರು 5 ಲಕ್ಷ ಸಾಧನಗಳೊಳಗೆ ಸದ್ದಿಲ್ಲದೆ ಕೂತಿತ್ತು.

ಇಂಥ ತೂತುಗಳಿಗೆ ಒಂದು ಮೂಲ, ಪ್ರೋಗ್ರಾಮ್ ಬರೆಯುವ ಸಿ ಭಾಷೆಯ ಸಲಿಗೆ. ಖಾನೆಯ ಗಡಿ ಕಾಯುವ ಕೆಲಸವನ್ನು ಅದು ಬರೆಯುವವನಿಗೇ ಬಿಡುತ್ತದೆ. ರಸ್ಟ್‌ನಂಥ ಹೊಸ ಭಾಷೆಗಳು ತಾವೇ ಕಾಯುತ್ತವೆ. ಅವನ್ನು ಬಳಸತೊಡಗಿದ ಮೇಲೆ ಆಂಡ್ರಾಯ್ಡ್‌ನ ಭದ್ರತಾ ದೋಷಗಳಲ್ಲಿ ಈ ಜಾತಿಯವು 2019ರ ಶೇ. 76ರಿಂದ 2024ರಲ್ಲಿ ಶೇ. 24ಕ್ಕೆ ಇಳಿದವು ಎಂದು ಗೂಗಲ್ ಹೇಳಿದೆ. ಆದರೆ ಈಗಾಗಲೇ ಗೋಡೆಯ ಮೇಲಿರುವ ಡಬ್ಬಿಗಳಿಗೆ ಆ ಭಾಗ್ಯವಿಲ್ಲ.

ಅವುಗಳ ಯೋಗಕ್ಷೇಮ ನಾವೇ ನೋಡಬೇಕು. ಸೆಟ್ಟಿಂಗ್ ಪುಟದಲ್ಲಿ ಫರ್ಮ್‌ವೇರ್ ಆವೃತ್ತಿ, ತಾರೀಕು ನೋಡಿ, ಕಂಪನಿಯ ವೆಬ್‌ಸೈಟಿನಲ್ಲಿ ಹೊಸದಿದ್ದರೆ ಹಾಕಿಸಿ. ಹಾಕುವಾಗ ಕರೆಂಟ್ ಹೋಗದಂತೆ ಯುಪಿಎಸ್‌ಗೆ ಜೋಡಿಸಿ. ಹೊರಗಿನಿಂದ ಸೆಟ್ಟಿಂಗ್ ಬದಲಿಸುವ 'ರಿಮೋಟ್ ಮ್ಯಾನೇಜ್‌ಮೆಂಟ್' ಬೇಡವಾದರೆ ಆಫ್ ಮಾಡಿಸಿ. ಡಬ್ಬಿ ಇಂಟರ್ನೆಟ್ ಕಂಪನಿಯದಾದರೆ ಅಪ್‌ಡೇಟ್ ಯಾವಾಗ ಆಗಿದೆ ಎಂದು ಅವರನ್ನೇ ಕೇಳಿ. ಕಂಪನಿ ಕೈಬಿಟ್ಟ ಮಾಡೆಲ್ ಆದರೆ, ಎಷ್ಟೇ ಚೆನ್ನಾಗಿ ನಡೆಯುತ್ತಿದ್ದರೂ ಬದಲಿಸಿ.

ಬ್ರಿಟನ್ನಿನಲ್ಲಿ 2024ರ ಏಪ್ರಿಲ್ 29ರಿಂದ ಇಂಥ ಸಾಧನ ಮಾಡುವವರು ಎಷ್ಟು ಕಾಲ ಭದ್ರತಾ ಅಪ್‌ಡೇಟ್ ಕೊಡುತ್ತೇವೆಂದು ಕಾನೂನಿನಂತೆ ಹೇಳಲೇಬೇಕು. ನಮ್ಮೂರ ಅಂಗಡಿಗಳಲ್ಲಿ ಗಿರಾಕಿ ಕೇಳುವುದು "ರೇಂಜ್ ಎಷ್ಟ್ ಬರ್ತೈತಿ, ಗ್ಯಾರಂಟಿ ಎಷ್ಟ್ ವರ್ಷ" ಎರಡನ್ನೇ. "ಅಪ್‌ಡೇಟ್ ಎಲ್ಲೀತನಕ ಕೊಡ್ತಾರ" ಎಂಬುದನ್ನೂ ಸೇರಿಸಿ ಕೇಳಿ. ನಾಲ್ಕು ಜನ ಕೇಳಿದರೆ ಅಂಗಡಿಯವನು ಡೀಲರನ್ನು ಕೇಳುತ್ತಾನೆ, ಡೀಲರ್ ಕಂಪನಿಯನ್ನು. 2005ರ ರಿಪೇರಿ ನಿಂತುಹೋಗಿದ್ದ ಆ ಸರಪಳಿಯನ್ನು ನಮ್ಮ ತುದಿಯಿಂದ ಜಗ್ಗಲು ಗಿರಾಕಿಯ ಕೈಯಲ್ಲಿರುವುದು ಅದೊಂದೇ ಪ್ರಶ್ನೆ.